ಐವರು ಕುಳಿತ ಮೇಲಿನ ಕಾರು

ಬೆಲೆಪಟ್ಟಿಯ ಮೊದಲ ಸಾಲಿನಲ್ಲಿರುವ ಕಾರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದನ್ನೇ ಮನೆಗೆ ತರುವವರು ಕೆಲವರು ಮಾತ್ರ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಇಳಿದಾಗ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಆ ಮೊದಲ ಸಾಲೇ. ಮಾರುತಿ ಎಸ್-ಪ್ರೆಸ್ಸೊ 3.49 ಲಕ್ಷ, ಆಲ್ಟೊ ಕೆ10 3.69 ಲಕ್ಷ, ರೆನೊ ಕ್ವಿಡ್ 4.30 ಲಕ್ಷ, ಟಾಟಾ ಟಿಯಾಗೊ 4.57 ಲಕ್ಷ, ಸೆಲೆರಿಯೊ 4.69 ಲಕ್ಷ, ವ್ಯಾಗನ್ ಆರ್ 4.98 ಲಕ್ಷ, ಹ್ಯುಂಡೈ ಗ್ರ್ಯಾಂಡ್ ಐ10 ನಿಯೊಸ್ 5.47 ಲಕ್ಷ. ಅದುವರೆಗೆ ಈ ಕಾರುಗಳ ಮೇಲೆ 28% ಜಿಎಸ್‌ಟಿ, ಅದರ ಮೇಲೊಂದು 1% ಸೆಸ್ ಇತ್ತು. ಅಂದಿನಿಂದ ಎಲ್ಲ ಸೇರಿ 18%. ದ್ವಿಚಕ್ರ ವಾಹನದಲ್ಲೇ ವರ್ಷಗಟ್ಟಲೆ ಕಳೆದ ಎಷ್ಟೋ ಕುಟುಂಬಗಳು ಆ ವಾರ ಮತ್ತೆ ಕಾರಿನ ಲೆಕ್ಕ ಹಾಕಲು ಕೂತವು.

ಆ ಲೆಕ್ಕದಲ್ಲಿ ಮೂರು ಸಂಗತಿಗಳು ಬೆರೆತಿರುತ್ತವೆ: ಬೆಲೆ, ಸೌಲಭ್ಯ, ಓಡಿಸುವಾಗಿನ ಸುಖ. ಮೊದಲ ಎರಡು ಕಾಗದದ ಮೇಲೆ ಸಿಗುತ್ತವೆ. ಮೂರನೆಯದಕ್ಕೆ ಶೋರೂಮಿನವರು ಕೊಡುವ ಹತ್ತು ನಿಮಿಷದ ಟೆಸ್ಟ್ ಡ್ರೈವ್ ಸಾಲದು. ಖಾಲಿ ಕಾರು, ಸಮತಟ್ಟಾದ ರಸ್ತೆ, ಪಕ್ಕದಲ್ಲಿ ಸೇಲ್ಸ್ ಹುಡುಗ. ಹಾಗೆ ಓಡಿಸಿದರೆ ಈ ಏಳರಲ್ಲಿ ಯಾವ ಕಾರೂ ಕೆಟ್ಟದಾಗಿ ಕಾಣುವುದಿಲ್ಲ. ವ್ಯತ್ಯಾಸ ಹೊರಬೀಳುವುದು ಐವರು ಕುಳಿತು, ಡಿಕ್ಕಿಯಲ್ಲಿ ಎರಡು ಬ್ಯಾಗ್ ಇಟ್ಟು, ಎಸಿ ಹಾಕಿ ಏರು ಹತ್ತುವಾಗ. ಸಣ್ಣ ಕಾರನ್ನು ನಮ್ಮ ಜನ ಬಳಸುವುದೂ ಹಾಗೆಯೇ. ಹೋಲಿಕೆಯೂ ಅಲ್ಲಿಂದಲೇ ಶುರುವಾಗಬೇಕು.

‘ಸಣ್ಣ ಕಾರು’ ಎಂಬ ಗೆರೆ ಎಳೆದದ್ದು ಎಂಜಿನಿಯರುಗಳಲ್ಲ, ತೆರಿಗೆ ಇಲಾಖೆ. 2006ರ ಕೇಂದ್ರ ಬಜೆಟ್‌ನಲ್ಲಿ ಅಬಕಾರಿ ಸುಂಕವನ್ನು 24%ರಿಂದ 16%ಕ್ಕೆ ಇಳಿಸುವಾಗ ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟಬಾರದು ಎಂಬ ಷರತ್ತು ಬಂತು. ಇಂದಿನ ಜಿಎಸ್‌ಟಿಯಲ್ಲೂ ಅದೇ ಗೆರೆ. ಹಾಗಾಗಿ ಮೂರೂವರೆ ಮೀಟರಿನ ಆಲ್ಟೊಗೂ ನಾಲ್ಕು ಮೀಟರಿಗೆ ಒಂದು ಬೆರಳು ಕಡಿಮೆ ಇರುವ ಎಸ್‌ಯುವಿಗೂ ತೆರಿಗೆ ಒಂದೇ. ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದವರು ಎಸ್‌ಯುವಿ ಕಡೆ ವಾಲಿದ್ದರಲ್ಲಿ ಇದರ ಪಾಲೂ ಇದೆ. ಹ್ಯುಂಡೈ ಇಯಾನ್, ಫೋರ್ಡ್ ಫಿಗೊ, ಡಾಟ್ಸನ್ ರೆಡಿ-ಗೊ, ಸ್ಯಾಂಟ್ರೊ, ಆಲ್ಟೊ 800 ಒಂದೊಂದಾಗಿ ಮರೆಯಾದವು. ಒಂದು ಕಾಲಕ್ಕೆ ಆಯ್ಕೆಯೇ ತಲೆನೋವಾಗಿದ್ದ ಈ ವರ್ಗದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು.

ಅಗ್ಗದ ಕಾರಿನ ಹಂಬಲ ಹಳೆಯದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಹಸ್ತಾಂತರಿಸಿದಾಗ ಅದರ ಬೆಲೆ 50 ಸಾವಿರದ ಆಸುಪಾಸಿನಲ್ಲಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಭಾರವಾದ ಗೇರು, ಗಟ್ಟಿ ಸ್ಟೀರಿಂಗ್‌ಗೆ ಒಗ್ಗಿದ್ದ ಕೈಗಳಿಗೆ 796 ಸಿಸಿಯ ಆ ಪುಟ್ಟ ಕಾರು ಹೂವಿನಷ್ಟು ಹಗುರವಾಗಿತ್ತು. ಬೆಂಗಳೂರಿಗೂ ಈ ಚರಿತ್ರೆಯಲ್ಲೊಂದು ಪಾಲಿದೆ. ಚೇತನ್ ಮೈನಿ ಅವರ ರೇವಾ ಎಂಬ ಎರಡು ಬಾಗಿಲಿನ ವಿದ್ಯುತ್ ಕಾರು 2001ರಲ್ಲೇ ಇಲ್ಲಿಂದ ರಸ್ತೆಗಿಳಿದು, ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಕಂಪನಿ ಮಹೀಂದ್ರದ ಕೈಸೇರಿತು.

ಆದರೆ ಅಗ್ಗಕ್ಕೆ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ತೋರಿಸಿದ್ದು ಟಾಟಾ ನ್ಯಾನೊ. ಒಂದೇ ಸ್ಕೂಟರಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಮಳೆಯಲ್ಲಿ ಹೋಗುವುದನ್ನು ಕಂಡ ರತನ್ ಟಾಟಾ ಅವರ ಕನಸು ಅದು. 2008ರಲ್ಲಿ ಪಶ್ಚಿಮ ಬಂಗಾಳದ ಸಿಂಗೂರಿನ ಕಾರ್ಖಾನೆಯ ಯೋಜನೆ ಕೈಬಿಟ್ಟಾಗ ಧಾರವಾಡದ ಬಳಿ ಜಾಗ ಕೊಡಲು ಕರ್ನಾಟಕ ಸರ್ಕಾರವೂ ಮುಂದೆ ಬಂದಿತ್ತು. ಕಾರ್ಖಾನೆ ಗುಜರಾತಿನ ಸಾನಂದ್‌ಗೆ ಹೋಯಿತು. 2009ರಲ್ಲಿ ಮಾರುಕಟ್ಟೆಗೆ ಬಂದ ಕಾರನ್ನು ಹತ್ತಿರದಿಂದ ನೋಡಿದರೆ ಒಂದು ಲಕ್ಷದ ಬೆಲೆಗಾಗಿ ಎಲ್ಲೆಲ್ಲಿ ಉಳಿಸಿದ್ದಾರೆ ಎಂದು ಗೊತ್ತಾಗುತ್ತಿತ್ತು. ಹಿಂಬದಿಯಲ್ಲಿ ಎರಡು ಸಿಲಿಂಡರಿನ 624 ಸಿಸಿ ಎಂಜಿನ್, ಮುಂದಿನ ಗಾಜಿಗೆ ಒಂದೇ ವೈಪರ್, ಚಕ್ರಕ್ಕೆ ನಾಲ್ಕರ ಬದಲು ಮೂರೇ ನಟ್ಟು. ಹಿಂದೆ ತೆರೆಯುವ ಡಿಕ್ಕಿ ಬಾಗಿಲಿರಲಿಲ್ಲ. ಪೆಟ್ರೋಲ್ ಹಾಕಿಸಲು ಮುಂದಿನ ಬಾನೆಟ್ ಎತ್ತಬೇಕಿತ್ತು. ಎಂಜಿನಿಯರಿಂಗ್‌ನಲ್ಲಿ ಅದು ಸಣ್ಣ ಸಾಧನೆಯಲ್ಲ. ಆದರೂ 2018ರಲ್ಲಿ ತಯಾರಿಕೆ ನಿಂತಿತು. ಜೀವಮಾನದ ಉಳಿತಾಯ ಹಾಕಿ ಮೊದಲ ಕಾರು ಕೊಳ್ಳುವ ಕುಟುಂಬ ‘ದೇಶದಲ್ಲೇ ಅತಿ ಅಗ್ಗದ್ದು’ ಎಂಬ ಹೆಸರು ಹೊತ್ತ ಕಾರನ್ನು ಮನೆ ಮುಂದೆ ನಿಲ್ಲಿಸಲು ಬಯಸಲಿಲ್ಲ.

ಈ ಪಾಠವನ್ನು ಚೆನ್ನಾಗಿ ಕಲಿತದ್ದು ಕ್ವಿಡ್. 2015ರ ಸೆಪ್ಟೆಂಬರ್‌ನಲ್ಲಿ 2.57 ಲಕ್ಷಕ್ಕೆ ಬಂದ ಅದರಲ್ಲೂ ಮೂರೇ ನಟ್ಟು, ಒಂದೇ ವೈಪರ್. ಆದರೆ ಎಸ್‌ಯುವಿಯಂಥ ಎತ್ತರದ ಮೂತಿ, 180 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಮೇಲಿನ ಮಾದರಿಗಳಲ್ಲಿ ಟಚ್‌ಸ್ಕ್ರೀನ್. ಉಳಿಸಿದ್ದು ಕಾಣದ ಕಡೆ, ಖರ್ಚು ಮಾಡಿದ್ದು ಕಣ್ಣಿಗೆ ಬೀಳುವ ಕಡೆ. ಅಂದಿನಿಂದ ಅಗ್ಗದ ಕಾರುಗಳೆಲ್ಲ ಹಿಡಿದಿರುವುದು ಇದೇ ದಾರಿ. ಕಾರಿನ ಒಳಗೆ ಕೂತು ನೋಡಬೇಕಾದದ್ದು ಪರದೆ ಎಷ್ಟು ಇಂಚಿನದು ಎಂಬುದನ್ನಲ್ಲ. ಹಿಂದಿನ ಬಾಗಿಲಿನ ಗಾಜು ಕೈಯಲ್ಲಿ ತಿರುಗಿಸುವುದೋ ಗುಂಡಿಯದೋ, ಹಿಂದಿನ ಹೆಡ್‌ರೆಸ್ಟ್ ಎತ್ತರಿಸಲು ಬರುತ್ತದೋ ಇಲ್ಲವೋ, ಚಾಲಕನ ಸೀಟಿನ ಎತ್ತರ ಹೊಂದಿಸಬಹುದೋ ಇಲ್ಲವೋ ಎಂಬುದನ್ನು.

ಈಗ ಆ ಮೊದಲ ಸಾಲಿಗೆ ಬರೋಣ. ಮಾರುತಿಯ ಅಗ್ಗದ ಕಾರುಗಳಲ್ಲಿ ‘ಎಸ್‌ಟಿಡಿ’ ಎಂಬ ಆರಂಭಿಕ ಮಾದರಿ ಎಂದರೆ ವರ್ಷಗಳಿಂದಲೂ ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ ಎಂದೇ ಅರ್ಥ. ಕಲಬುರಗಿಯ ಮೇ ತಿಂಗಳಲ್ಲಿ, ಮಂಗಳೂರಿನ ಸೆಕೆಯಲ್ಲಿ ಎಸಿ ಇಲ್ಲದ ಕಾರು ಯಾರಿಗೆ ಬೇಕು? ಹಾಗಾಗಿ ಹೋಲಿಕೆ ನಡೆಯಬೇಕಾದದ್ದು ಎರಡನೇ, ಮೂರನೇ ಸಾಲಿನಲ್ಲಿ. ಅಲ್ಲಿಗೆ ಬಂದಾಗ ಎಸ್-ಪ್ರೆಸ್ಸೊಗೂ ಟಿಯಾಗೊಗೂ ಜಾಹೀರಾತಿನಲ್ಲಿ ಕಂಡಷ್ಟು ಅಂತರ ಉಳಿಯುವುದಿಲ್ಲ. ನಾಲ್ಕೂವರೆ ಲಕ್ಷದ ದುಬಾರಿ ಆಲ್ಟೊ ಕೊಳ್ಳುವುದೋ ಅಷ್ಟೇ ದುಡ್ಡಿನ ಸಾದಾ ಟಿಯಾಗೊ ಕೊಳ್ಳುವುದೋ ಎಂಬ ನಿಜವಾದ ಪ್ರಶ್ನೆ ಆಗ ಎದುರಾಗುತ್ತದೆ.

ಶೋರೂಮಿನ ಬೆಲೆಗೂ ರಸ್ತೆಗಿಳಿಯುವ ಬೆಲೆಗೂ ನಡುವಿನ ಅಂತರ ಕರ್ನಾಟಕದಲ್ಲಿ ದೊಡ್ಡದು. ಇಲ್ಲಿನ ಜೀವಿತಾವಧಿ ತೆರಿಗೆ ದೇಶದ ಹೆಚ್ಚಿನ ದರಗಳಲ್ಲೊಂದು: ಐದು ಲಕ್ಷದವರೆಗಿನ ಕಾರಿಗೆ 13%, ಐದರಿಂದ ಹತ್ತು ಲಕ್ಷದವರೆಗೆ 14%, ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. 4.90 ಲಕ್ಷದ ಕಾರಿಗೆ ಇದು 70,707 ರೂಪಾಯಿ. ಅದೇ 5.10 ಲಕ್ಷದ ಕಾರಿಗೆ 79,254. ಅಂದರೆ ಇಪ್ಪತ್ತು ಸಾವಿರ ಹೆಚ್ಚಿನ ಮಾದರಿ ಆರಿಸಿದರೆ ಅದರ ಬೆನ್ನಿಗೆ ಎಂಟೂವರೆ ಸಾವಿರ ತೆರಿಗೆಯೂ ಬರುತ್ತದೆ. ವಿಮೆಯಲ್ಲೂ ಇಂಥದೇ ಒಂದು ಮೆಟ್ಟಿಲು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ ಅದು 1,000 ಸಿಸಿಯೊಳಗಿನ ಕಾರಿಗೆ 6,521 ರೂಪಾಯಿ, ಅದಕ್ಕಿಂತ ಮೇಲೆ 1,500 ಸಿಸಿವರೆಗೆ 10,640, ಜಿಎಸ್‌ಟಿ ಬೇರೆ. ಆಲ್ಟೊ, ಕ್ವಿಡ್, ಸೆಲೆರಿಯೊಗಳು 998-999 ಸಿಸಿಯಲ್ಲಿ ನಿಂತಿರುವುದರ ಲಾಭ ಇಲ್ಲಿ ಸಿಗುತ್ತದೆ. ಟಿಯಾಗೊ, ನಿಯೊಸ್, 1.2 ಲೀಟರಿನ ವ್ಯಾಗನ್ ಆರ್ ಮೇಲಿನ ಮೆಟ್ಟಿಲಿಗೆ ಸೇರುತ್ತವೆ.

ಮೈಲೇಜನ್ನು ನಮ್ಮ ಜನ ಅಗತ್ಯಕ್ಕಿಂತ ಹೆಚ್ಚು ತೂಗುತ್ತಾರೆ. ಊರೊಳಗೆ ಒಂದು ಕಾರು ಲೀಟರಿಗೆ 18, ಇನ್ನೊಂದು 15 ಕಿ.ಮೀ. ಕೊಡುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿದರೆ ವ್ಯತ್ಯಾಸ ಸುಮಾರು 133 ಲೀಟರ್, ಲೀಟರಿಗೆ ನೂರು ರೂಪಾಯಿಯಂತೆ ತಿಂಗಳಿಗೆ 1,100 ರೂಪಾಯಿ. ಅದು ಸಣ್ಣ ಮೊತ್ತವಲ್ಲ, ನಿಜ. ಆದರೆ ಭಾನುವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವ ಮನೆಯಲ್ಲಿ ಇದೇ ಲೆಕ್ಕ ತಿಂಗಳಿಗೆ ಇನ್ನೂರು ಮುನ್ನೂರಕ್ಕೆ ಇಳಿಯುತ್ತದೆ. ಅಷ್ಟಕ್ಕಾಗಿ ಸೀಟಿನ ಸುಖವನ್ನು ಬಿಟ್ಟುಕೊಡುವುದು ಸರಿಯಲ್ಲ.

ಸೀಟಿನ ಸುಖ ಎಂದಾಗ ಅಗಲವೇ ಮೊದಲು. ಆಲ್ಟೊ ಕೆ10ರ ಹೊರ ಅಗಲ 1,490 ಮಿ.ಮೀ., ಸೆಲೆರಿಯೊದ್ದು 1,655, ಟಿಯಾಗೊದ್ದು 1,677. ಬಾಗಿಲುಗಳ ದಪ್ಪ ಕಳೆದು ಹಿಂದೆ ಮೂವರನ್ನು ಕೂರಿಸಿದರೆ ಆ ಹದಿನಾರು ಹದಿನೆಂಟು ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ. ಆಲ್ಟೊದಲ್ಲಿ ಮಧ್ಯದವರು ಭುಜ ಮುಂದಕ್ಕೆ ಚಾಚಿ ಓರೆಯಾಗಿಯೇ ಕೂರಬೇಕು. ಹಾಸನದಿಂದ ಧರ್ಮಸ್ಥಳಕ್ಕೆ ಹಾಗೆ ಕೂತು ಹೋದವರು ಇಳಿಯುವಾಗ ಸೊಂಟ ಹಿಡಿದುಕೊಳ್ಳುತ್ತಾರೆ. ಸಾಮಾನಿಗೆ ಆಲ್ಟೊದಲ್ಲಿ 214 ಲೀಟರ್ ಜಾಗ, ಟಿಯಾಗೊದಲ್ಲಿ 242, ನಿಯೊಸ್‌ನಲ್ಲಿ 260, ಕ್ವಿಡ್‌ನಲ್ಲಿ 279, ಸೆಲೆರಿಯೊದಲ್ಲಿ 313, ವ್ಯಾಗನ್ ಆರ್‌ನಲ್ಲಿ 341.

ವ್ಯಾಗನ್ ಆರ್ ಎರಡೂವರೆ ದಶಕಗಳಿಂದ ಏಕೆ ಮಾರಾಟವಾಗುತ್ತಿದೆ ಎಂದು ತಿಳಿಯಲು ಮಂಡಿನೋವಿನ ಅಜ್ಜಿಯೊಬ್ಬರು ಅದನ್ನು ಹತ್ತುವುದನ್ನು ನೋಡಬೇಕು. ತಗ್ಗು ಕಾರಾದರೆ ಅವರು ಮೊದಲು ತಲೆ ಬಗ್ಗಿಸಬೇಕು, ಆಮೇಲೆ ಮಂಡಿ ಮಡಚಿ ಕೆಳಕ್ಕೆ ಕುಸಿಯಬೇಕು, ಇಳಿಯುವಾಗ ಯಾರಾದರೂ ಕೈಹಿಡಿದು ಎಳೆಯಬೇಕು. 1,675 ಮಿ.ಮೀ. ಎತ್ತರದ ವ್ಯಾಗನ್ ಆರ್‌ನಲ್ಲಿ ಸೀಟು ಹೆಚ್ಚುಕಡಿಮೆ ಕುರ್ಚಿಯ ಮಟ್ಟದಲ್ಲಿದೆ. ಬಾಗಿಲು ಅಗಲಕ್ಕೆ ತೆರೆಯುತ್ತದೆ. ಅಜ್ಜಿ ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂರುತ್ತಾರೆ, ಸೀರೆಯ ನೆರಿಗೆ ಸರಿಮಾಡಿಕೊಂಡು ಎರಡೂ ಕಾಲನ್ನು ಒಳಗೆಳೆದುಕೊಳ್ಳುತ್ತಾರೆ. ತಲೆ ಎಲ್ಲಿಯೂ ತಾಗುವುದಿಲ್ಲ. ಇದನ್ನು ಯಾವ ಸೌಲಭ್ಯದ ಪಟ್ಟಿಯೂ ಹೇಳುವುದಿಲ್ಲ. ಆದರೆ ಅದೇ ಎತ್ತರಕ್ಕೆ ಹೆದ್ದಾರಿಯಲ್ಲಿ ತೆರಬೇಕಾದ ದಂಡವೂ ಇದೆ. ಚಿತ್ರದುರ್ಗದ ಬಯಲಿನ ಅಡ್ಡಗಾಳಿಗೆ ಕಾರು ಅಲುಗುತ್ತದೆ, ತಿರುವಿನಲ್ಲಿ ಮೈ ವಾಲುತ್ತದೆ. ಅಲ್ಲಿ ಟಿಯಾಗೊ ನೆಲ ಕಚ್ಚಿ ಹೋಗುತ್ತದೆ. ತೂಕದ ಕಾರು, ಗಡುಸಾದ ಕಟ್ಟು, ನೂರರ ವೇಗದಲ್ಲೂ ಸ್ಟೀರಿಂಗ್ ಹಿಡಿದ ಕೈಗೆ ಧೈರ್ಯ.

ಊರೊಳಗಿನ ಮಾತು ಬೇರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೋ ಹೆಬ್ಬಾಳದಲ್ಲೋ ಅರ್ಧ ಗಂಟೆ ಒಂದನೇ ಗೇರು, ನ್ಯೂಟ್ರಲ್, ಒಂದನೇ ಗೇರು ಎಂದು ತೆವಳುವವರಿಗೆ ಎಂಜಿನ್ ಶಕ್ತಿಗಿಂತ ಕ್ಲಚ್ಚಿನ ಭಾರ ಮುಖ್ಯ. ಅಲ್ಲಿ ಮಾರುತಿಯ ಹಗುರ ಕಾರುಗಳು ಮತ್ತು ನಿಯೊಸ್ ಗೆಲ್ಲುತ್ತವೆ. ನಿಯೊಸ್‌ನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಚಾಲೂ ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ನಯ. ಟಿಯಾಗೊ, ಕ್ವಿಡ್, ಆಲ್ಟೊಗಳಲ್ಲಿ ಮೂರು ಸಿಲಿಂಡರ್. ಅದರ ಸ್ವಭಾವವೇ ತುಸು ಕುಲುಕುವುದು: ಕ್ರ್ಯಾಂಕ್ ಪ್ರತಿ 240 ಡಿಗ್ರಿ ತಿರುಗಿದಾಗ ಒಂದು ಸ್ಫೋಟ, ನಾಲ್ಕು ಸಿಲಿಂಡರಿನಲ್ಲಿ 180 ಡಿಗ್ರಿಗೊಂದು. ಆ ನಡುಕ ಟಿಯಾಗೊದ ಗೇರ್ ಲಿವರಿನಲ್ಲಿ ಕೈಗೆ ತಿಳಿಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಬೆಲೆಗೆ ಮೀರಿ ಸಮಾಧಾನ ಕೊಡುವುದು ಕ್ವಿಡ್. ಅದರ ಸಸ್ಪೆನ್ಷನ್ ಸದ್ದು ಮಾಡಿದರೂ ಏಟನ್ನು ಬೆನ್ನಿಗೆ ದಾಟಿಸುವುದಿಲ್ಲ.

ಕ್ಲಚ್ಚಿನ ಕಾಟಕ್ಕೆ ಎಎಂಟಿ ಪರಿಹಾರವೆಂದು 2014ರಲ್ಲಿ ಸೆಲೆರಿಯೊ ತೋರಿಸಿಕೊಟ್ಟಿತು. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸುವ, ಅಗ್ಗದ ಮತ್ತು ಮೈಲೇಜ್ ಕೆಡಿಸದ ಉಪಾಯ. ಸಮತಟ್ಟಿನಲ್ಲಿ ಅದು ವರವೇ. ಏರಿನಲ್ಲಿ ಕಥೆ ಬೇರೆಯಾಗುತ್ತದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮುಂದೊಂದು ಲಾರಿ ತೆವಳುತ್ತಿದೆ ಎನ್ನೋಣ. ಎದುರು ರಸ್ತೆ ಖಾಲಿಯಾಯಿತೆಂದು ಚಾಲಕ ಆಕ್ಸಿಲರೇಟರ್ ಒತ್ತುತ್ತಾರೆ. ಎಎಂಟಿ ಯಂತ್ರ ಕ್ಲಚ್ ಬಿಡಿಸಿ, ಮೂರರಿಂದ ಎರಡಕ್ಕೆ ಇಳಿದು, ಮತ್ತೆ ಕ್ಲಚ್ ಹಿಡಿಯುವವರೆಗೆ ಒಂದು ಕ್ಷಣ ಚಕ್ರಕ್ಕೆ ಶಕ್ತಿಯೇ ಹೋಗುವುದಿಲ್ಲ. ತುಂಬಿದ ಕಾರು ಮುಗ್ಗರಿಸಿದಂತಾಗುತ್ತದೆ, ಹಿಂದೆ ಕುಳಿತವರ ತಲೆ ಮುಂದಕ್ಕೆ ಬಾಗುತ್ತದೆ. ಮಲೆನಾಡಿನ ಅನುಭವಿಗಳು ಘಾಟಿ ಶುರುವಾಗುತ್ತಿದ್ದಂತೆ ಲಿವರನ್ನು ಮ್ಯಾನುಯಲ್‌ಗೆ ಸರಿಸಿ, ಲಾರಿ ಸಿಗುವ ಮೊದಲೇ ಎರಡನೇ ಗೇರಿಗೆ ತಂದಿಟ್ಟುಕೊಳ್ಳುತ್ತಾರೆ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲೂ ಇದೇ ಕ್ರಮ. ಏರಿನಲ್ಲಿ ನಿಂತಾಗ ಕಾರು ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಇದೆಯೇ ಎಂದು ಎಎಂಟಿ ಕೊಳ್ಳುವವರು ಕೇಳಲೇಬೇಕು.

ಘಾಟಿಯ ಲೆಕ್ಕ ಸರಳ. ಆಲ್ಟೊ ಖಾಲಿ ಇದ್ದಾಗ ಸುಮಾರು ಮುಕ್ಕಾಲು ಟನ್. ಅರವತ್ತು ಕಿಲೋದ ಐವರು, ನಲವತ್ತು ಕಿಲೋ ಸಾಮಾನು ಸೇರಿದರೆ ಇನ್ನೂ 340 ಕಿಲೋ; ಹೆಚ್ಚುಕಡಿಮೆ ಅರ್ಧದಷ್ಟು ತೂಕವೇ ಏರಿತು. ಎಂಜಿನ್ನಿನದ್ದು 67 ಪಿಎಸ್, 89 ಎನ್‌ಎಂ ಟಾರ್ಕ್. ಅದರಲ್ಲೇ ಎಸಿಗೂ ಪಾಲು ಕೊಡಬೇಕು. ಟಿಯಾಗೊ 86 ಪಿಎಸ್, 113 ಎನ್‌ಎಂ; ನಿಯೊಸ್ 83 ಪಿಎಸ್, 114 ಎನ್‌ಎಂ. ಇಬ್ಬರೇ ಕೂತಾಗ ಆಲ್ಟೊ ಇವೆರಡಕ್ಕಿಂತ ಚುರುಕಾಗಿ ಜಿಗಿಯಬಹುದು, ಐವರಾದಾಗ ಎಸಿ ಆರಿಸುವ ಪ್ರಮೇಯ ಬರುವುದು ಅದಕ್ಕೇ. ಸಿಎನ್‌ಜಿ ಆದರೆ ಇನ್ನೂ ಕಷ್ಟ: ಒಂದು ಲೀಟರಿನ ವ್ಯಾಗನ್ ಆರ್ 67ರಿಂದ 57 ಪಿಎಸ್‌ಗೆ ಇಳಿಯುತ್ತದೆ, ಡಿಕ್ಕಿಯನ್ನು ಸಿಲಿಂಡರ್ ನುಂಗುತ್ತದೆ. ದಿನವೂ ಐವತ್ತು ಅರವತ್ತು ಕಿ.ಮೀ. ಓಡಾಡುವ ಬಯಲುಸೀಮೆಯವರಿಗೆ ಅದು ಲಾಭವೇ. ಮಲೆನಾಡಿನಲ್ಲಿ ಮನೆ ಇರುವವರು ಎರಡು ಸಲ ಯೋಚಿಸಬೇಕು. ಟಾಟಾ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ತಳದಲ್ಲಿ ಮಲಗಿಸಿ ಜಾಗ ಉಳಿಸಿದೆ. ಇದು ಬೇರೆಯವರೂ ಅನುಸರಿಸಬೇಕಾದ ಒಳ್ಳೆಯ ಕೆಲಸ.

ಇನ್ನು ಸುರಕ್ಷತೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ನಕ್ಷತ್ರ ಬಂತು. ದೇಶ ಬೆಚ್ಚಿದ್ದು ಒಳ್ಳೆಯದೇ ಆಯಿತು. 2019ರಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್, 2021ರಲ್ಲಿ ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ಕಡ್ಡಾಯವಾದವು, 2023ರ ಅಕ್ಟೋಬರ್‌ನಲ್ಲಿ ನಮ್ಮದೇ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್ ಶುರುವಾಯಿತು. ಆರು ಏರ್‌ಬ್ಯಾಗ್ ಈಗ ನಿಯೊಸ್‌ನ ಎಲ್ಲ ಮಾದರಿಗಳಲ್ಲಿವೆ. 2025ರಲ್ಲಿ ಆಲ್ಟೊ ಕೆ10, ಸೆಲೆರಿಯೊ, ವ್ಯಾಗನ್ ಆರ್‌ಗಳಿಗೂ ಬಂದವು. ಬೆಲೆ ಇಳಿದಾಗ ಎಸ್-ಪ್ರೆಸ್ಸೊ ಆಲ್ಟೊಗಿಂತ ಅಗ್ಗವಾಗಿ ಕಂಡದ್ದಕ್ಕೆ ಒಂದು ಕಾರಣ ಇಲ್ಲಿದೆ: ಅದರಲ್ಲಿದ್ದದ್ದು ಎರಡೇ ಏರ್‌ಬ್ಯಾಗ್.

ಆದರೆ ಏರ್‌ಬ್ಯಾಗ್ ಎಣಿಸುವುದೇ ಸುರಕ್ಷತೆಯ ಅಳತೆಯಲ್ಲ. ಎರಡು ಏರ್‌ಬ್ಯಾಗಿನ ಟಿಯಾಗೊಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಿಂದ ನಾಲ್ಕು ನಕ್ಷತ್ರ ಸಿಕ್ಕಿತ್ತು. ಅದೇ ವರ್ಷ ನಿಯೊಸ್‌ಗೆ ಎರಡು, ಎಸ್-ಪ್ರೆಸ್ಸೊಗೆ ಸೊನ್ನೆ. 2023ರಲ್ಲಿ ಆಲ್ಟೊ ಕೆ10ಕ್ಕೆ ಎರಡು, ವ್ಯಾಗನ್ ಆರ್‌ಗೆ ಒಂದು. ಈ ಎರಡು ವರ್ಷಗಳ ಅಂಕಗಳನ್ನು ನೇರವಾಗಿ ಹೋಲಿಸುವುದು ತಪ್ಪು. ನಡುವೆ 2022ರಲ್ಲಿ ಪರೀಕ್ಷೆ ಬಿಗಿಯಾಯಿತು, ಪಕ್ಕದಿಂದ ಬೀಳುವ ಏಟನ್ನೂ ಲೆಕ್ಕಕ್ಕೆ ಹಿಡಿಯಲಾಯಿತು. ಆಲ್ಟೊ, ವ್ಯಾಗನ್ ಆರ್ ಪರೀಕ್ಷೆಗೆ ನಿಂತಾಗ ಅವುಗಳಲ್ಲಿ ಆರು ಏರ್‌ಬ್ಯಾಗ್ ಇರಲೂ ಇಲ್ಲ. ಗ್ರಾಹಕ ಕೇಳಬೇಕಾದ ಪ್ರಶ್ನೆ ಎರಡು: ಈಗ ಮಾರುತ್ತಿರುವ ಈ ರೂಪದ ಕಾರನ್ನು ಪರೀಕ್ಷೆಗೆ ಕಳಿಸಿದ್ದೀರಾ? ಹಿಂದಿನ ಮಧ್ಯದ ಸೀಟಿಗೆ ಭುಜ ದಾಟಿ ಬರುವ ಮೂರು ಬಿಂದುವಿನ ಬೆಲ್ಟ್ ಇದೆಯಾ? ಎರಡನೆಯದು ಮುಖ್ಯ, ಏಕೆಂದರೆ ಅಲ್ಲಿ ಹೆಚ್ಚಾಗಿ ಕೂರುವುದು ಮನೆಯ ಮಗು.

ಇಷ್ಟಾದ ಮೇಲೆ ಆಯ್ಕೆ ಹೇಳುವುದು ಕಷ್ಟವಲ್ಲ. ಗಂಡ, ಹೆಂಡತಿ, ಒಂದು ಮಗು ಇರುವ ಊರೊಳಗಿನ ಮನೆಗೆ ಸೆಲೆರಿಯೊ ಸಾಕು. ಆಲ್ಟೊಗಿಂತ ಅಗಲ, ಪೆಟ್ರೋಲಿನಲ್ಲೂ ಮಿತವ್ಯಯಿ. ವಯಸ್ಸಾದವರಿದ್ದರೆ 1.2 ಲೀಟರಿನ ವ್ಯಾಗನ್ ಆರ್. ತಿಂಗಳಿಗೆರಡು ಸಲ ಘಾಟಿ ಹತ್ತಿ ಊರಿಗೆ ಹೋಗುವವರಿಗೆ ಟಿಯಾಗೊ. ದಿನವೂ ಟ್ರಾಫಿಕ್‌ನಲ್ಲಿ ಬೇಯುವ, ಕೈಯಲ್ಲಿ ಇನ್ನೊಂದಿಷ್ಟು ದುಡ್ಡಿರುವವರಿಗೆ ನಿಯೊಸ್. ತಾಲ್ಲೂಕು ಕೇಂದ್ರದಾಚೆ ವಾಸಿಸುವವರು ಸರ್ವಿಸ್ ಸೆಂಟರ್ ಎಷ್ಟು ದೂರ ಎಂಬುದನ್ನು ಮೊದಲು ನೋಡಲಿ. ಅಲ್ಲಿ ಮಾರುತಿಯನ್ನು ಸರಿಗಟ್ಟುವವರು ಇನ್ನೂ ಇಲ್ಲ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮನೆಯವರೆಲ್ಲ ಹೋಗಬೇಕು, ಹತ್ತಿರದ ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಬೇಕು.

ಈ ಕಾರುಗಳ ಮುಂದಿನ ದಾರಿ ತೂಕದ ಮೇಲೆ ನಿಂತಿದೆ. 2027ರ ಏಪ್ರಿಲ್‌ನಿಂದ ಜಾರಿಗೆ ತರಲೆಂದು 2025ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಇಂಧನ ದಕ್ಷತೆ ನಿಯಮಗಳ ಕರಡು, 909 ಕಿಲೋ ಮೀರದ ಸಣ್ಣ ಪೆಟ್ರೋಲ್ ಕಾರುಗಳಿಗೆ ಹೊಗೆಯ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಪ್ರಸ್ತಾಪಿಸಿತು. ಆ ಮಿತಿಯೊಳಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಮಾರುತಿಯವು. ಹಗುರ ಕಾರು ಉಳಿದರಷ್ಟೇ ಬಡವರ ಕೈಗೆ ಕಾರು ಎಂದು ಮಾರುತಿಯ ವಾದ. ಕಾರು ಗಟ್ಟಿಯಾಗಲು ತೂಕ ಬೇಕು, ಕಡಿಮೆ ತೂಕಕ್ಕೆ ರಿಯಾಯಿತಿ ಕೊಟ್ಟರೆ ಸುರಕ್ಷತೆಗೆ ಪೆಟ್ಟು ಎಂದು ಟಾಟಾ ಸೇರಿದಂತೆ ಎದುರಾಳಿಗಳ ಆಕ್ಷೇಪ. ಎರಡರಲ್ಲೂ ಹುರುಳಿದೆ. ಕಡಿಮೆ ತೂಕಕ್ಕೆ ರಿಯಾಯಿತಿ ಕೊಡುವುದಾದರೆ ಅದನ್ನು ಭಾರತ್ ಎನ್‌ಕ್ಯಾಪ್‌ನಲ್ಲಿ ಕನಿಷ್ಠ ಮೂರು ನಕ್ಷತ್ರ ಗಳಿಸಿದ ಕಾರಿಗೆ ಮಾತ್ರ ಕೊಡಲಿ. ಆ ಪರೀಕ್ಷೆಗೆ ನಿಲ್ಲಿಸುವುದು ಬೆಲೆಪಟ್ಟಿಯ ಮೊದಲ ಸಾಲಿನ ಕಾರನ್ನೇ ಆಗಿರಲಿ.